ಹಳೆಯ ಹಾಯಿದೋಣಿಯ ಒಡಲು ಮತ್ತು ಚುಕ್ಕಾಣಿಯ ನಿರ್ವಹಣೆ

ಹಳೆಯ ಹಾಯಿದೋಣಿಯ ಒಡಲು ಮತ್ತು ಚುಕ್ಕಾಣಿಯ ನಿರ್ವಹಣೆ ಎಂದರೆ ಹಲವು ದಶಕಗಳಿಂದ ಬಳಕೆಯಲ್ಲಿರುವ ಹಾಯಿದೋಣಿಯ ನೀರಿನೊಳಗಿನ ಭಾಗಗಳನ್ನು ನಿಯತಕಾಲಕ್ಕೆ ಪರೀಕ್ಷಿಸುವ, ಶುಚಿಗೊಳಿಸುವ ಮತ್ತು ದುರಸ್ತಿ ಮಾಡುವ ಕಾರ್ಯ. ಹಲ್ ಎಂದು ಕರೆಯಲಾಗುವ ಒಡಲು ದೋಣಿಯನ್ನು ತೇಲಿಸುತ್ತದೆ; ರಡ್ಡರ್ ಅಥವಾ ಚುಕ್ಕಾಣಿಯು ಅದರ ದಿಕ್ಕನ್ನು ನಿಯಂತ್ರಿಸುತ್ತದೆ. ಇವೆರಡರಲ್ಲಿ ಯಾವುದು ವಿಫಲವಾದರೂ ದೋಣಿಯಲ್ಲಿರುವವರ ಪ್ರಾಣಕ್ಕೆ ಅಪಾಯವಿದೆ. ಈ ಲೇಖನವು ಮುಖ್ಯವಾಗಿ ಫೈಬರ್‌ಗ್ಲಾಸ್‌ನಿಂದ ನಿರ್ಮಿಸಿದ ದೋಣಿಗಳನ್ನು ಕುರಿತದ್ದಾಗಿದೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ವಿಹಾರದ ಹಾಯಿದೋಣಿಗಳನ್ನು ಬಹುಮಟ್ಟಿಗೆ ಮರದಿಂದಲೇ ಕಟ್ಟಲಾಗುತ್ತಿತ್ತು. ಗಾಜಿನ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಪದರ ಪದರವಾಗಿ ಹಾಸುವ ವಿಧಾನ ಬಂದ ಮೇಲೆ ಒಂದೇ ಮಾದರಿಯ ನೂರಾರು ದೋಣಿಗಳನ್ನು ತಯಾರಿಸಲು ಸಾಧ್ಯವಾಯಿತು. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಜನರ ಮುಂದೆ ಬಂದ, ಕಾರ್ಲ್ ಆಲ್ಬರ್ಗ್ ವಿನ್ಯಾಸದ ಪಿಯರ್ಸನ್ ಟ್ರೈಟನ್ ಈ ಬದಲಾವಣೆಯ ಹೆಸರಾಂತ ಉದಾಹರಣೆ. 1960 ಮತ್ತು 1970ರ ದಶಕಗಳಲ್ಲಿ ಅಮೆರಿಕ ಹಾಗೂ ಯುರೋಪಿನಲ್ಲಿ ನಿರ್ಮಾಣವಾದ ಇಂತಹ ಅನೇಕ ದೋಣಿಗಳು ಇಂದಿಗೂ ಬಳಕೆಯಲ್ಲಿವೆ.

ಆರಂಭಕಾಲದ ನಿರ್ಮಾಪಕರು ಹೊಸ ವಸ್ತುವಿನ ಬಲದ ಬಗ್ಗೆ ಖಚಿತತೆ ಇಲ್ಲದೆ ಒಡಲನ್ನು ಸಾಮಾನ್ಯವಾಗಿ ದಪ್ಪವಾಗಿಯೇ ಹಾಸುತ್ತಿದ್ದರು. ಈ ಕಾರಣದಿಂದ ಹಳೆಯ ಫೈಬರ್‌ಗ್ಲಾಸ್ ಒಡಲು ತಾನಾಗಿಯೇ ಮುರಿಯುವುದು ಅಪರೂಪ. ದೋಷಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಎರಡು ಭಿನ್ನ ವಸ್ತುಗಳು ಕೂಡುವ ಜಾಗಗಳಲ್ಲಿ: ಚುಕ್ಕಾಣಿಯ ಉಕ್ಕಿನ ದಂಡ ಹಲಗೆಯೊಳಗೆ ಇಳಿಯುವಲ್ಲಿ, ಕೀಲ್ ಒಡಲಿಗೆ ಸೇರುವಲ್ಲಿ, ಲೋಹದ ಕವಾಟಗಳು ಒಡಲನ್ನು ತೂರಿ ಹೋಗುವಲ್ಲಿ. ಇಲ್ಲೆಲ್ಲ ಹಾನಿಗೆ ಕಾರಣ ಒಳಸೇರಿ ನಿಂತ ನೀರು. ಆದುದರಿಂದ ಹಳೆಯ ದೋಣಿಯ ನಿರ್ವಹಣೆಯಲ್ಲಿ ಹೊರಮೈಯ ಹೊಳಪಿಗಿಂತ ಮರೆಯಲ್ಲಿ ನಿಂತ ನೀರನ್ನು ಪತ್ತೆಹಚ್ಚುವುದಕ್ಕೆ ಹೆಚ್ಚಿನ ಮಹತ್ವವಿದೆ.

ಒಡಲಿನ ನಿರ್ವಹಣೆ

ಗುಳ್ಳೆಗಳು

ಫೈಬರ್‌ಗ್ಲಾಸ್ ಒಡಲಿನ ಹೊರಮೈಯಲ್ಲಿ ಜೆಲ್‌ಕೋಟ್ ಎಂಬ ತೆಳುವಾದ ರಾಳದ ಪದರವಿರುತ್ತದೆ. ಇದು ನೋಡಲು ನೀರು ತಡೆಯುವ ಕವಚದಂತಿದ್ದರೂ ನೀರಿನ ಅಣುಗಳು ಇದರ ಮೂಲಕ ನಿಧಾನವಾಗಿ ಒಳಗೆ ಸಾಗುತ್ತವೆ. ಒಳಗೆ ಉಳಿದಿರುವ, ನೀರಿನಲ್ಲಿ ಕರಗುವ ರಾಸಾಯನಿಕಗಳೊಡನೆ ಸೇರಿ ಸಾಂದ್ರ ದ್ರವವಾಗುತ್ತವೆ. ಈ ದ್ರವವು ಪರಾಸರಣದಿಂದ ಮತ್ತಷ್ಟು ನೀರನ್ನು ಸೆಳೆದುಕೊಳ್ಳುತ್ತದೆ. ಒತ್ತಡ ಹೆಚ್ಚಿದಂತೆ ಜೆಲ್‌ಕೋಟ್ ಉಬ್ಬಿ ಗುಳ್ಳೆಯಾಗುತ್ತದೆ. ಗುಳ್ಳೆಯನ್ನು ಒಡೆದಾಗ ವಿನಿಗರ್ ವಾಸನೆಯ, ಅಂಟಾದ ದ್ರವ ಹೊರಬರುವುದು ಇದರ ಲಕ್ಷಣ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ, ತಣ್ಣೀರಿಗಿಂತ ಬೆಚ್ಚಗಿನ ನೀರಿನಲ್ಲಿ ಈ ಕ್ರಿಯೆ ವೇಗವಾಗಿ ನಡೆಯುತ್ತದೆ.

ಜೆಲ್‌ಕೋಟ್‌ನ ಕೆಳಗಷ್ಟೇ ಇರುವ ಸಣ್ಣ ಗುಳ್ಳೆಗಳಿಂದ ದೋಣಿಯ ಬಲಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಗಾಜಿನ ನಾರಿನ ಪದರಗಳ ನಡುವೆ ಆಳವಾಗಿ ಉಂಟಾದ ದೊಡ್ಡ ಗುಳ್ಳೆಗಳು ಮಾತ್ರ ಗಂಭೀರವಾದವು. ದುರಸ್ತಿಯಲ್ಲಿ ಗುಳ್ಳೆಯನ್ನು ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆಗೆದು, ಸಿಹಿನೀರಿನಿಂದ ಪದೇ ಪದೇ ತೊಳೆದು, ಒಡಲನ್ನು ಒಣಗಲು ಬಿಡಲಾಗುತ್ತದೆ. ಒಣಗುವಿಕೆಗೆ ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ತೇವಾಂಶ ಮಾಪಕದ ಅಳತೆ ಇಳಿದು ಸ್ಥಿರವಾದ ಮೇಲೆ ಗುಳಿಗಳನ್ನು ಎಪಾಕ್ಸಿ ಮೆತ್ತಿನಿಂದ ತುಂಬಿ, ಮೇಲೆ ಎಪಾಕ್ಸಿ ತಡೆಲೇಪವನ್ನು ಹಲವು ಪದರಗಳಲ್ಲಿ ಹಚ್ಚಲಾಗುತ್ತದೆ. ಒಣಗಿದ ಲೇಪದ ಒಟ್ಟು ದಪ್ಪ ಸುಮಾರು 250 ಮೈಕ್ರಾನ್ ಇರಬೇಕೆಂಬುದು ಸಾಮಾನ್ಯ ಅಳತೆ. ತೇವವಿರುವ ಒಡಲಿಗೆ ತಡೆಲೇಪ ಹಚ್ಚಿದರೆ ನೀರು ಒಳಗೇ ಸೆರೆಯಾಗಿ ಗುಳ್ಳೆಗಳು ಮರಳಿ ಏಳುತ್ತವೆ.

ಪಾಚಿ ನಿರೋಧಕ ಬಣ್ಣ

ನೀರಿನಲ್ಲಿ ನಿಂತ ಒಡಲಿನ ಮೇಲೆ ಪಾಚಿ, ಬಾರ್ನಕಲ್ ಮೊದಲಾದ ಜೀವಿಗಳು ಬೆಳೆಯುತ್ತವೆ. ಇವು ವೇಗವನ್ನು ಕುಗ್ಗಿಸುವುದಲ್ಲದೆ ಬಿರುಕುಗಳನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತವೆ. ಇವನ್ನು ತಡೆಯಲು ಹಚ್ಚುವ ಬಣ್ಣಗಳಲ್ಲಿ ಇಂದು ಸಾಮಾನ್ಯವಾಗಿರುವುದು ತಾಮ್ರದ ಆಕ್ಸೈಡ್. ಹಿಂದೆ ಬಳಕೆಯಲ್ಲಿದ್ದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವು ಸಿಂಪಿ ಮೊದಲಾದ ಜಲಚರಗಳಿಗೆ ತೀವ್ರ ಹಾನಿ ಮಾಡುತ್ತಿದ್ದುದರಿಂದ ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಸಣ್ಣ ದೋಣಿಗಳಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿದವು. ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ 2008ರಲ್ಲಿ ಜಾರಿಗೆ ಬಂದಿತು. ಹಳೆಯ ದೋಣಿಯ ಕೆಳಪದರಗಳಲ್ಲಿ ಈ ಬಣ್ಣ ಇನ್ನೂ ಉಳಿದಿರಬಹುದು. ಆದುದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜುವುದು, ಉಸಿರು ಶೋಧಕ ಮುಖವಾಡ ಧರಿಸುವುದು ಮತ್ತು ಉದುರಿದ ಬಣ್ಣವನ್ನು ಸಂಗ್ರಹಿಸಿ ವಿಲೇವಾರಿ ಮಾಡುವುದು ಅಗತ್ಯ.

ಕೀಲ್ ಮತ್ತು ಕವಾಟಗಳು

ಕೀಲ್ ಎಂಬುದು ಒಡಲಿನ ಅಡಿಯಲ್ಲಿರುವ ಭಾರವಾದ ಭಾಗ; ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಇದೇ. ಅನೇಕ ದೋಣಿಗಳಲ್ಲಿ ಸೀಸದ ಅಥವಾ ಎರಕದ ಕಬ್ಬಿಣದ ಕೀಲನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಕೀಲ್ ಮತ್ತು ಒಡಲಿನ ನಡುವಣ ಸಂದು ಬಿರಿದರೆ ನೀರು ಬೋಲ್ಟುಗಳನ್ನು ತಲುಪುತ್ತದೆ. ಸಂದಿನಿಂದ ತುಕ್ಕಿನ ನೀರು ಒಸರುವುದು, ಒಳಗಿನ ಆಧಾರ ಪಟ್ಟಿಗಳು ಒಡಲಿನಿಂದ ಬಿಟ್ಟುಕೊಂಡಿರುವುದು ಅಪಾಯದ ಸೂಚನೆಗಳು. ನೆಲಕ್ಕೆ ತಾಗಿದ ದೋಣಿಯಲ್ಲಿ ಇವನ್ನು ವಿಶೇಷವಾಗಿ ಪರೀಕ್ಷಿಸಬೇಕು. 2014ರ ಮೇ ತಿಂಗಳಲ್ಲಿ ಚೀಕಿ ರಫೀಕಿ ಎಂಬ ದೋಣಿ ಅಟ್ಲಾಂಟಿಕ್ ಸಾಗರದ ನಡುವೆ ಕೀಲ್ ಕಳಚಿ ಮಗುಚಿ, ಅದರಲ್ಲಿದ್ದ ನಾಲ್ವರೂ ಪ್ರಾಣ ಕಳೆದುಕೊಂಡರು. ಹಿಂದೆ ಹಲವು ಬಾರಿ ನೆಲಕ್ಕೆ ತಾಗಿದ್ದು ಮತ್ತು ಅನಂತರದ ದುರಸ್ತಿಗಳು ಕೂಡಿ ಕೀಲಿನ ಜೋಡಣೆಯನ್ನು ದುರ್ಬಲಗೊಳಿಸಿದ್ದಿರಬಹುದೆಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಅಭಿಪ್ರಾಯಪಟ್ಟಿತು.

ಒಡಲನ್ನು ತೂರಿ ಹೋಗುವ ಕವಾಟಗಳು ಹಿತ್ತಾಳೆಯವಾದರೆ ಉಪ್ಪುನೀರಿನಲ್ಲಿ ಅವುಗಳ ಸತು ಕರಗಿ, ಬಲವಿಲ್ಲದ ತಾಮ್ರ ಮಾತ್ರ ಉಳಿಯುತ್ತದೆ. ಕೆರೆದಾಗ ಲೋಹ ಹಳದಿಯ ಬದಲು ಗುಲಾಬಿ ಬಣ್ಣಕ್ಕಿದ್ದರೆ ಕವಾಟವನ್ನು ಬದಲಾಯಿಸಬೇಕು. ಲೋಹಗಳ ಸವೆತವನ್ನು ತಡೆಯಲು ಅವುಗಳ ಬದಲಾಗಿ ತಾನು ಸವೆಯುವ ಆನೋಡ್ ಎಂಬ ಗಟ್ಟಿಯನ್ನು ಜೋಡಿಸಲಾಗುತ್ತದೆ: ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅರ್ಧದಷ್ಟು ಸವೆದಾಗಲೇ ಅದನ್ನು ಬದಲಿಸುವುದು ರೂಢಿ. ಆನೋಡ್‌ಗೆ ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ.

ಚುಕ್ಕಾಣಿಯ ನಿರ್ವಹಣೆ

ರಚನೆ

ಹಾಯಿದೋಣಿಯ ಚುಕ್ಕಾಣಿ ಹಿಂಬದಿಯ ಹಲಗೆಗೆ ಬಾಗಿಲಿನ ತಿರುಗಣಿಯಂತೆ ತೂಗುಹಾಕಿದ್ದಿರಬಹುದು, ಕೀಲಿನ ಹಿಂತುದಿಗೆ ಜೋಡಿಸಿದ್ದಿರಬಹುದು ಅಥವಾ ಯಾವ ಆಧಾರವೂ ಇಲ್ಲದೆ ಒಡಲಿನ ಕೆಳಗೆ ದಂಡವೊಂದರಿಂದಲೇ ಇಳಿದಿರಬಹುದು. ಒಡಲಿನ ಕೆಳಗೆ ಇಳಿದಿರುವ ಬಗೆಯಲ್ಲಿ ಪೂರ್ತಿ ಭಾರವೂ ದಂಡದ ಮೇಲೆಯೇ ಬೀಳುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಹಲವು ಚುಕ್ಕಾಣಿಗಳು ಎರಡು ಫೈಬರ್‌ಗ್ಲಾಸ್ ಚಿಪ್ಪುಗಳನ್ನು ಅಂಟಿಸಿ, ನಡುವೆ ನೊರೆಯಂತಹ ಫೋಮ್ ತುಂಬಿ ಮಾಡಿದವು. ಒಳಗೆ ಇಳಿದ ಸ್ಟೇನ್‌ಲೆಸ್ ಉಕ್ಕಿನ ದಂಡಕ್ಕೆ ಬೆಸುಗೆ ಹಾಕಿದ ಉಕ್ಕಿನ ಪಟ್ಟಿಗಳು ಹಲಗೆಯನ್ನು ದಂಡದೊಡನೆ ತಿರುಗಿಸುತ್ತವೆ.

ದೋಷದ ಮೂಲ

ಉಕ್ಕು ಮತ್ತು ಫೈಬರ್‌ಗ್ಲಾಸ್ ಬಿಸಿಲು ಹಾಗೂ ಭಾರಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಾಗುತ್ತವೆ. ಇದರಿಂದ ದಂಡವು ಹಲಗೆಯ ನೆತ್ತಿಯನ್ನು ಹೊಗುವಲ್ಲಿ ಅಂಟು ಬಿಟ್ಟು, ಕೂದಲೆಳೆಯಷ್ಟು ಸಂದಿನಲ್ಲಿ ನೀರು ಇಳಿದು ಫೋಮ್ ನೆನೆಯುತ್ತದೆ. ಸ್ಟೇನ್‌ಲೆಸ್ ಉಕ್ಕನ್ನು ಕಾಪಾಡುವುದು ಅದರ ಮೇಲ್ಮೈಯ ತೆಳುವಾದ ಆಕ್ಸೈಡ್ ಪೊರೆ. ಅದು ಉಳಿಯಲು ಆಮ್ಲಜನಕ ಬೇಕು. ನಿಂತ ನೀರಿನಲ್ಲಿ ಆಮ್ಲಜನಕ ತೀರಿದಾಗ ಪೊರೆ ಒಡೆದು ಬೆಸುಗೆಯ ಬಳಿ ತುಕ್ಕು ಕೊರೆಯತೊಡಗುತ್ತದೆ. ಕೊನೆಗೆ ಪಟ್ಟಿಗಳು ಕಳಚಿ, ದಂಡ ತಿರುಗಿದರೂ ಹಲಗೆ ತಿರುಗದ ಸ್ಥಿತಿ ಬರುತ್ತದೆ. ಅಲ್ಲಿಯವರೆಗೂ ಹೊರಗಿನಿಂದ ಚುಕ್ಕಾಣಿ ಸುಸ್ಥಿತಿಯಲ್ಲಿರುವಂತೆಯೇ ಕಾಣಬಹುದು. ಚಳಿ ಪ್ರದೇಶಗಳಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಚಿಪ್ಪುಗಳನ್ನು ಬಿರಿಯಿಸುವುದೂ ಉಂಟು.

ಬಿರುಗಾಳಿಯಲ್ಲಿ ಚುಕ್ಕಾಣಿ ಮುರಿದರೆ ಏನಾಗಬಹುದೆಂಬುದನ್ನು 1979ರ ಆಗಸ್ಟ್‌ನ ಫಾಸ್ಟ್‌ನೆಟ್ ಸ್ಪರ್ಧೆ ತೋರಿಸಿತು. 303 ದೋಣಿಗಳು ಹೊರಟಿದ್ದ ಆ ಸ್ಪರ್ಧೆಯಲ್ಲಿ 15 ಸ್ಪರ್ಧಿಗಳು ಮೃತಪಟ್ಟರು. ಅಲ್ಲಿ ಕಾರ್ಬನ್ ಫೈಬರ್ ದಂಡದ ಚುಕ್ಕಾಣಿಗಳು ಮುರಿದು ಹಲವು ದೋಣಿಗಳು ನಿಯಂತ್ರಣ ಕಳೆದುಕೊಂಡವು. ಅವು ಹಳತಾಗಿ ಕೆಟ್ಟವಲ್ಲ, ಆಗಿನ್ನೂ ಹೊಸದಾಗಿದ್ದ ತಂತ್ರಜ್ಞಾನದವು. ಆದರೂ ಚುಕ್ಕಾಣಿಯಿಲ್ಲದ ದೋಣಿ ಎಷ್ಟು ನಿಸ್ಸಹಾಯಕವೆಂಬುದು ಅದರಿಂದ ಸ್ಪಷ್ಟವಾಯಿತು.

ಪರೀಕ್ಷೆ

ದೋಣಿಯನ್ನು ದಡಕ್ಕೇರಿಸಿದಾಗ ಈ ಪರೀಕ್ಷೆಗಳನ್ನು ನಡೆಸಲಾಗುತ್ತದೆ:

- ಹಲಗೆಯ ಅಂಚಿನಿಂದ ಹಲವು ದಿನಗಳ ಬಳಿಕವೂ ನೀರು ತೊಟ್ಟಿಕ್ಕುತ್ತಿದ್ದರೆ ಒಳಭಾಗ ನೆನೆದಿದೆ. ಕಂದು ಬಣ್ಣದ ನೀರು ತುಕ್ಕಿನ ಸೂಚನೆ.
- ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲನೆ ಬಡಿದಾಗ ಗಟ್ಟಿ ಜಾಗದಲ್ಲಿ ಚುರುಕಾದ, ಪದರ ಬಿಟ್ಟ ಜಾಗದಲ್ಲಿ ಮಂಕಾದ ಸದ್ದು ಬರುತ್ತದೆ.
- ಒಬ್ಬರು ಚುಕ್ಕಾಣಿಯ ಹಿಡಿಯನ್ನು ಕದಲದಂತೆ ಹಿಡಿದಿರುವಾಗ ಮತ್ತೊಬ್ಬರು ಹಲಗೆಯನ್ನು ತಿರುಗಿಸಲು ಯತ್ನಿಸುತ್ತಾರೆ. ದಂಡ ಅಲುಗದೆ ಹಲಗೆ ಮಾತ್ರ ಅಲುಗಿದರೆ ಒಳಗಿನ ಪಟ್ಟಿಗಳು ಬಿಟ್ಟಿವೆ. ಅಂತಹ ದೋಣಿಯನ್ನು ನೀರಿಗಿಳಿಸಬಾರದು.
- ಹಲಗೆಯ ಕೆಳತುದಿಯನ್ನು ಅಡ್ಡಡ್ಡವಾಗಿ ಅಲುಗಿಸಿದಾಗ ದಂಡವೂ ಅಡ್ಡಕ್ಕೆ ಸರಿದರೆ ಬೇರಿಂಗ್ ಸವೆದಿದೆ. ಚುಕ್ಕಾಣಿ ಬಿಗಿಯಾಗಿ ತಿರುಗುತ್ತಿದ್ದರೆ ನೈಲಾನ್ ಬೇರಿಂಗ್ ನೀರು ಹೀರಿ ಉಬ್ಬಿರುವ ಸಾಧ್ಯತೆಯಿದೆ.

ದುರಸ್ತಿ

ಕೆಳತುದಿಯಲ್ಲಿ ಸಣ್ಣ ರಂಧ್ರ ಕೊರೆದು ನೀರು ಬಸಿದು, ಮರಳಿ ಮುಚ್ಚುವುದು ತಾತ್ಕಾಲಿಕ ಉಪಾಯ ಮಾತ್ರ. ಬೆಸುಗೆಯ ಸ್ಥಿತಿ ಇದರಿಂದ ತಿಳಿಯದು. ಪೂರ್ಣ ದುರಸ್ತಿಗೆ ದೋಣಿಯನ್ನು ಎತ್ತರಿಸಿ ಅಥವಾ ಕೆಳಗೆ ಗುಂಡಿ ತೋಡಿ ಚುಕ್ಕಾಣಿಯನ್ನು ಇಳಿಸಬೇಕು. ಒಂದು ಬದಿಯ ಚಿಪ್ಪನ್ನು ಕತ್ತರಿಸಿ ತೆಗೆದು, ನೆನೆದ ಫೋಮನ್ನು ಕೆರೆದು, ಬೆಸುಗೆಗಳನ್ನು ಪರೀಕ್ಷಿಸಲಾಗುತ್ತದೆ. ತುಕ್ಕು ಕೊರೆದಿದ್ದರೆ ದಂಡವನ್ನೇ ಬದಲಿಸುವುದು ಕ್ಷೇಮ. ಅನಂತರ ಹೊಸ ಫೋಮ್ ತುಂಬಿ, ಚಿಪ್ಪನ್ನು ಕೂಡಿಸಿ, ಅಂಚಿನ ಸುತ್ತ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಹಾಸಲಾಗುತ್ತದೆ. ಬೆಸೆಯುವ ಅಂಚನ್ನು ಪದರದ ದಪ್ಪದ ಸುಮಾರು 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜುವುದರಿಂದ ಜೋಡಣೆ ಬಲವಾಗುತ್ತದೆ. ದಂಡ ಒಳಹೊಗುವ ಜಾಗದಲ್ಲಿ ಸಣ್ಣ ಕಾಲುವೆ ಕೊರೆದು, ಎಳೆತಕ್ಕೆ ಹಿಗ್ಗುವ ಸೀಲಂಟ್ ತುಂಬಬೇಕು. ಗಡುಸಾದ ಮೆತ್ತು ಅಲ್ಲಿ ಮತ್ತೆ ಬಿರಿಯುತ್ತದೆ.

ನಿಯತ ಕ್ರಮ

ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೇರಿಸುವಾಗ ಒಡಲು ಒದ್ದೆಯಿರುವಾಗಲೇ ಅದನ್ನು ನೋಡುವುದು ಉತ್ತಮ. ಒಣಗಿದ ಬಳಿಕ ಕೆಲವು ಗುಳ್ಳೆಗಳು ಕುಗ್ಗಿ ಮರೆಯಾಗುತ್ತವೆ, ಒಸರುವ ಸಂದುಗಳೂ ಕಾಣದಾಗುತ್ತವೆ. ಕಂಡ ಗುಳ್ಳೆ, ಬಿರುಕು ಮತ್ತು ಒಸರುಗಳನ್ನು ಗುರುತು ಮಾಡಿ, ತೇವಾಂಶದ ಅಳತೆಯೊಡನೆ ದಾಖಲಿಸಿಟ್ಟರೆ ಮುಂದಿನ ವರ್ಷ ದೋಷ ಬೆಳೆದಿದೆಯೇ ಎಂಬುದು ತಿಳಿಯುತ್ತದೆ. ದೂರದ ಪ್ರಯಾಣಕ್ಕೆ ಮುನ್ನ ತುರ್ತು ಚುಕ್ಕಾಣಿ ಹಿಡಿಯನ್ನು ಜೋಡಿಸಿ ನೋಡುವುದೂ ಈ ಕ್ರಮದ ಭಾಗ. ಆದರೆ ಆ ಹಿಡಿ ಚಕ್ರ ಅಥವಾ ಅದರ ತಂತಿ ಕೆಟ್ಟಾಗ ಮಾತ್ರ ಉಪಯುಕ್ತ. ದಂಡದಿಂದ ಹಲಗೆಯೇ ಕಳಚಿದ್ದರೆ ಅದರಿಂದ ಪ್ರಯೋಜನವಿಲ್ಲ.