ಬಡವರ ಪಟ್ಟಿಯನ್ನು ಅಳಿಸಿದ ಶಾಸಕ: ಥ್ಯಾಡಿಯಸ್ ಸ್ಟೀವನ್ಸ್

ವಕೀಲನು ತನಗೆ ಶುಲ್ಕ ಕೊಟ್ಟವನ ಪರವಾಗಿ ವಾದಿಸುತ್ತಾನೆ. ಶಾಸಕನು ತನಗೆ ಮತ ಕೊಟ್ಟವರ ಪರವಾಗಿ ಮಾತನಾಡುತ್ತಾನೆ. ಇವೆರಡೂ ಲೋಕರೂಢಿಗೆ ಸಮ್ಮತವಾದ ನಡೆಗಳೇ. ಆದರೆ ಶುಲ್ಕವನ್ನು ಕೊಡಲಾರದ, ಮತವನ್ನೂ ಹಾಕಲಾರದ ಜೀವಗಳ ಪರವಾಗಿ ನಿಲ್ಲುವವರು ಯಾರು? ಬಡವರ ಮಕ್ಕಳು ಎಲ್ಲ ಕಾಲಗಳಲ್ಲಿಯೂ ಇಂತಹ ಜೀವಗಳು. ಅವರಿಗಾಗಿ ತನ್ನ ಮತದಾರರ ಇಚ್ಛೆಗೆ ವಿರುದ್ಧವಾಗಿ ಎದ್ದು ನಿಂತ ಒಬ್ಬ ಸಣ್ಣ ಊರಿನ ವಕೀಲನ ಚರಿತ್ರೆ ಅಮೆರಿಕೆಯ ಪೆನ್ಸಿಲ್ವೇನಿಯಾ ಸಂಸ್ಥಾನದ ಇತಿಹಾಸದಲ್ಲಿ ದೊರೆಯುತ್ತದೆ. ಆತನ ಹೆಸರು ಥ್ಯಾಡಿಯಸ್ ಸ್ಟೀವನ್ಸ್.

ಸ್ಟೀವನ್ಸನು 1792ರ ಏಪ್ರಿಲ್ 4ರಂದು ಉತ್ತರದ ವರ್ಮಾಂಟ್ ಪ್ರಾಂತದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ ಜನಿಸಿದನು. ಹುಟ್ಟಿನಿಂದಲೇ ಅವನ ಒಂದು ಪಾದ ವಕ್ರವಾಗಿದ್ದಿತು. ತಂದೆ ಸಂಸಾರವನ್ನು ಬಿಟ್ಟುಹೋದ ಮೇಲೆ ನಾಲ್ವರು ಗಂಡುಮಕ್ಕಳನ್ನು ಸಾಕುವ ಹೊರೆ ತಾಯಿ ಸಾರಾಳ ಮೇಲೆ ಬಿದ್ದಿತು. ಕುಂಟುವ ಈ ಮಗನು ಹೊಲದ ದುಡಿಮೆಗೆ ಒದಗಲಾರನೆಂದು ತಿಳಿದ ಆ ತಾಯಿ, ಅವನಿಗೆ ವಿದ್ಯೆಯನ್ನಾದರೂ ಕೊಡಿಸಬೇಕೆಂದು ನಿಶ್ಚಯಿಸಿ, ಶಾಲೆಯಿದ್ದ ಪೀಚಮ್ ಗ್ರಾಮಕ್ಕೆ ವಾಸವನ್ನೇ ಬದಲಿಸಿದಳು. 1814ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವೀಧರನಾದ ಸ್ಟೀವನ್ಸನು ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣಕ್ಕೆ ಬಂದು, ಹಗಲಿನಲ್ಲಿ ಶಾಲಾ ಉಪಾಧ್ಯಾಯನಾಗಿ ದುಡಿಯುತ್ತ, ಉಳಿದ ವೇಳೆಯಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿದನು. 1816ರಲ್ಲಿ ವಕೀಲಿಯ ಸನ್ನದು ದೊರೆಯಿತು. ಅದೇ ವರ್ಷ ಅವನು ಗೆಟ್ಟಿಸ್‌ಬರ್ಗಿನಲ್ಲಿ ನೆಲೆಸಿದನು.

ಗೆಟ್ಟಿಸ್‌ಬರ್ಗ್ ಮುಂದೆ 1863ರ ಘೋರ ಯುದ್ಧದಿಂದ ಜಗತ್ಪ್ರಸಿದ್ಧವಾಯಿತು. ಸ್ಟೀವನ್ಸನು ಬಂದಾಗ ಅದು ಆಡಮ್ಸ್ ಕೌಂಟಿ ಎಂಬ ಸಣ್ಣ ಜಿಲ್ಲೆಯ ಕೇಂದ್ರವಾದ ಒಂದು ಸಾಧಾರಣ ಊರು. ಆ ಜಿಲ್ಲೆ 1800ರಲ್ಲಿ ಯಾರ್ಕ್ ಜಿಲ್ಲೆಯಿಂದ ಬೇರ್ಪಟ್ಟು ರಚಿತವಾಗಿದ್ದಿತು. ಪರಿಚಿತರಿಲ್ಲದ ಊರಿನಲ್ಲಿ ಹೊಸ ವಕೀಲನಿಗೆ ಮೊದಲು ಕಕ್ಷಿದಾರರು ದೊರೆಯಲಿಲ್ಲ. ಕೊಲೆಯ ಆಪಾದನೆಗೆ ಗುರಿಯಾದವನೊಬ್ಬನ ಪರವಾಗಿ ಅವನು ಬುದ್ಧಿಭ್ರಮಣೆಯ ವಾದವನ್ನು ಹೂಡಿದಾಗ, ಮೊಕದ್ದಮೆ ಸೋತರೂ ವಕೀಲನ ಹೆಸರು ಗೆದ್ದಿತು. ಕೆಲವೇ ವರ್ಷಗಳಲ್ಲಿ ಅವನು ಊರಿನ ಪ್ರಮುಖ ವಕೀಲನೂ ಪುರಸಭೆಯ ಸದಸ್ಯನೂ ಆಸ್ತಿವಂತನೂ ಆದನು. ಮುಂದೆ ಕಬ್ಬಿಣದ ಕಾರ್ಖಾನೆಯನ್ನೂ ಸ್ಥಾಪಿಸಿದನು. ತಾಯಿಗೆ ಹೊಲಮನೆಗಳನ್ನು ಕೊಂಡುಕೊಟ್ಟದ್ದು ತನ್ನ ಸಂಪಾದನೆಯ ದೊಡ್ಡ ಸಂತೋಷವೆಂದು ಅವನು ಬಗೆದಿದ್ದನು.

ಈ ವಕೀಲಿಯ ಏಳಿಗೆಯ ನಡುವೆ ಅವನ ಕೀರ್ತಿಗೆ ಕಳಂಕ ತಂದ ಒಂದು ವಿಜಯವೂ ಇದೆ. ಗುಲಾಮಗಿರಿ ಊರ್ಜಿತವಾಗಿದ್ದ ಮೇರಿಲ್ಯಾಂಡಿನ ಗಡಿ ಗೆಟ್ಟಿಸ್‌ಬರ್ಗಿಗೆ ಕೆಲವೇ ಮೈಲಿಗಳ ದೂರ. ಪೆನ್ಸಿಲ್ವೇನಿಯಾದ 1780ರ ಶಾಸನದಿಂದ ಬಂದ ನಿಯಮದಂತೆ, ಹೊರಗಿನ ಒಡೆಯನು ತನ್ನ ಗುಲಾಮರನ್ನು ಅಲ್ಲಿಗೆ ತಂದು ಆರು ತಿಂಗಳಿಗೂ ಮೀರಿ ಇರಿಸಿಕೊಂಡರೆ ಅವರು ಸ್ವತಂತ್ರರಾಗುತ್ತಿದ್ದರು. ಚಾರಿಟಿ ಬಟ್ಲರ್ ಎಂಬ ಸ್ತ್ರೀ ಈ ಆಧಾರದ ಮೇಲೆ ತನ್ನ ಬಿಡುಗಡೆಯನ್ನು ಕೋರಿದಳು. ಒಡೆಯನ ಪಕ್ಷಕ್ಕೆ ವಕೀಲನಾಗಿದ್ದವನು ಸ್ಟೀವನ್ಸ್. ಆಕೆ ಪೆನ್ಸಿಲ್ವೇನಿಯಾದಲ್ಲಿ ಕಳೆದ ದಿನಗಳು ಬಿಡಿಬಿಡಿಯಾದವು, ಅವನ್ನು ಕೂಡಿಸಿ ಲೆಕ್ಕ ಹಾಕಲಾಗದು, ಎಡೆಬಿಡದೆ ಆರು ತಿಂಗಳು ತುಂಬಿರಬೇಕು ಎಂಬ ಅವನ ವಾದವನ್ನು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ 1821ರಲ್ಲಿ ಎತ್ತಿಹಿಡಿಯಿತು. ವಾದ ಚತುರವಾಗಿತ್ತು, ಫಲವಾಗಿ ಒಬ್ಬ ತಾಯಿ ಮತ್ತು ಅವಳ ಮಕ್ಕಳು ದಾಸ್ಯದಲ್ಲಿಯೇ ಉಳಿದರು. ಆ ಬಳಿಕ ಅವನ ಮನಸ್ಸಿನಲ್ಲಿ ನಡೆದ ಮಂಥನವೇನೆಂಬುದನ್ನು ಅವನೆಲ್ಲಿಯೂ ಬರೆದಿಡಲಿಲ್ಲ. ಕಾರ್ಯಗಳು ಮಾತ್ರ ಕಾಣುತ್ತವೆ: ಮುಂದಿನ ದಶಕಗಳಲ್ಲಿ ಅವನು ಗುಲಾಮಗಿರಿಯ ಕಡು ವಿರೋಧಿಯಾಗಿ, ಓಡಿಬಂದ ಗುಲಾಮರ ಪರವಾಗಿ ಶುಲ್ಕವಿಲ್ಲದೆ ವಾದಿಸುವ ವಕೀಲನಾಗಿ ನಿಂತನು.

1833ರಲ್ಲಿ ಆಡಮ್ಸ್ ಕೌಂಟಿಯ ಮತದಾರರು ಸ್ಟೀವನ್ಸನನ್ನು ಸಂಸ್ಥಾನದ ವಿಧಾನಮಂಡಲದ ಕೆಳಮನೆಗೆ ಆರಿಸಿದರು. ಮೇಸನರೆಂಬ ಗುಪ್ತಸಂಘದವರು ಅಧಿಕಾರಸ್ಥಾನಗಳನ್ನು ತಮ್ಮವರಲ್ಲಿಯೇ ಹಂಚಿಕೊಳ್ಳುವರೆಂದು ದೂರುತ್ತಿದ್ದ ಮೇಸನ್-ವಿರೋಧಿ ಪಕ್ಷ ಅವನದು. ಆಗಿನ ಗವರ್ನರ್ ಜಾರ್ಜ್ ವುಲ್ಫನು ಡೆಮಾಕ್ರಾಟಿಕ್ ಪಕ್ಷದವನು, ಸ್ವತಃ ಮೇಸನನು. ಇವರಿಬ್ಬರೂ ಒಂದೇ ಪಕ್ಕದಲ್ಲಿ ನಿಲ್ಲುವರೆಂದು ಯಾರೂ ಎಣಿಸಿರಲಾರರು. ಹಾಗೆ ನಿಲ್ಲಿಸಿದುದು ಶಾಲೆಯ ಪ್ರಶ್ನೆ.

ಪೆನ್ಸಿಲ್ವೇನಿಯಾದ 1790ರ ಸಂವಿಧಾನವು ಬಡವರಿಗೆ ಉಚಿತವಾಗಿ ವಿದ್ಯೆ ಕಲಿಸುವ ಏರ್ಪಾಡಾಗಬೇಕೆಂದು ವಿಧಿಸಿದ್ದಿತು. ಅದನ್ನು ನೆರವೇರಿಸಲು ಬಂದ 1809ರ ಶಾಸನದ ವಿಧಾನ ಹೀಗಿತ್ತು: ತೆರಿಗೆಯ ಅಂದಾಜುದಾರನು ತನ್ನ ಸರಹದ್ದಿನಲ್ಲಿ ಶಾಲೆಯ ವೆಚ್ಚವನ್ನು ಭರಿಸಲಾರದ ತಂದೆತಾಯಿಗಳ 5ರಿಂದ 12 ವರ್ಷದ ಮಕ್ಕಳ ಹೆಸರುಗಳನ್ನು ಪಟ್ಟಿ ಮಾಡಬೇಕು, ಆ ಮಕ್ಕಳ ಶುಲ್ಕವನ್ನು ಜಿಲ್ಲೆಯ ಬೊಕ್ಕಸ ತೆರಬೇಕು. ಹೊರನೋಟಕ್ಕೆ ಇದು ಔದಾರ್ಯವೇ. ಆದರೆ ವಿದ್ಯೆ ಬೇಕೆಂದರೆ ತಂದೆಯು ಮೊದಲು ತಾನು ದರಿದ್ರನೆಂದು ಒಪ್ಪಿಕೊಳ್ಳಬೇಕು. ಮಗುವು ಹಣ ಕೊಟ್ಟವರ ಮಕ್ಕಳ ನಡುವೆ ಪಟ್ಟಿಯ ಹುಡುಗನಾಗಿ ಕುಳಿತುಕೊಳ್ಳಬೇಕು. ಮಾನವಂತರಾದ ಬಡವರು ಅದಕ್ಕಿಂತ ಅಜ್ಞಾನವೇ ಲೇಸೆಂದು ಮಕ್ಕಳನ್ನು ಮನೆಯಲ್ಲಿಯೇ ಉಳಿಸಿಕೊಂಡರು. ದಾನದ ರೂಪದಲ್ಲಿ ಬಂದ ವಿದ್ಯೆ ಅದನ್ನು ಪಡೆಯಬೇಕಾದವರನ್ನೇ ಬಾಗಿಲಿನಿಂದ ಹಿಂದಕ್ಕೆ ಅಟ್ಟಿತು.

ಈ ಲೋಪವನ್ನು ನೀಗಲು ಫಿಲಡೆಲ್ಫಿಯಾದ ಸೆನೆಟರ್ ಸ್ಯಾಮ್ಯುಯಲ್ ಬ್ರೆಕ್‌ನ ಮುಂದಾಳುತನದಲ್ಲಿ ಸಾರ್ವತ್ರಿಕ ಶಾಲೆಗಳ ವಿಧೇಯಕ ಸಿದ್ಧವಾಯಿತು. ಬಡವ ಬಲ್ಲಿದರೆಂಬ ಎಣಿಕೆಯಿಲ್ಲದೆ ಎಲ್ಲ ಮಕ್ಕಳಿಗೂ ಒಂದೇ ಶಾಲೆ, ಎಲ್ಲರ ಆಸ್ತಿಯ ಮೇಲೂ ಶಾಲಾ ತೆರಿಗೆ ಎಂಬುದು ಅದರ ತಿರುಳು. ಎರಡು ಸದನಗಳೂ ಅದನ್ನು ಬಹುತೇಕ ಸರ್ವಾನುಮತದಿಂದ ಅಂಗೀಕರಿಸಿದವು. 1834ರ ಏಪ್ರಿಲ್ 1ರಂದು ವುಲ್ಫನು ಸಹಿ ಹಾಕಿದನು. ಶಾಸನವು ಸಂಸ್ಥಾನವನ್ನು 987 ಶಾಲಾ ವಿಭಾಗಗಳಾಗಿ ಹಂಚಿ, ತೆರಿಗೆಯನ್ನು ಒಪ್ಪುವ ಇಲ್ಲವೆ ತಿರಸ್ಕರಿಸುವ ಆಯ್ಕೆಯನ್ನು ಆಯಾ ವಿಭಾಗಕ್ಕೇ ಬಿಟ್ಟಿದ್ದಿತು. ಸುಮಾರು ಅರ್ಧದಷ್ಟು ವಿಭಾಗಗಳು ಮಾತ್ರ ಒಪ್ಪಿದವು. ಉಳಿದೆಡೆಗಳಲ್ಲಿ ಅಸಮಾಧಾನ ಭುಗಿಲೆದ್ದಿತು. ಮಕ್ಕಳಿಲ್ಲದವರು ತಾವೇಕೆ ತೆರಬೇಕೆಂದರು. ಸ್ವಂತ ಹಣದಿಂದ ಮಕ್ಕಳನ್ನು ಓದಿಸಿದ್ದವರು ಎರಡನೆಯ ಸಲ ತೆರುವುದು ಅನ್ಯಾಯವೆಂದರು. ತಮ್ಮ ಚರ್ಚುಗಳ ಆಶ್ರಯದಲ್ಲಿ ಶಾಲೆ ನಡೆಸುತ್ತಿದ್ದ ಜರ್ಮನ್ ಮೂಲದ ರೈತರು ತಮ್ಮ ಭಾಷೆಗೂ ಧರ್ಮಶಿಕ್ಷಣಕ್ಕೂ ಕುತ್ತು ಬಂದಿತೆಂದು ಅಂಜಿದರು. ಶಾಸನವನ್ನು ರದ್ದುಗೊಳಿಸಬೇಕೆಂಬ ಮನವಿಗಳಿಗೆ ಬಿದ್ದ ಸಹಿಗಳು ಸುಮಾರು 32,000. ಉಳಿಸಬೇಕೆಂದು ಸಹಿ ಮಾಡಿದವರು ಅದರ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ವರ್ಷ ತುಂಬುವುದರೊಳಗೆ ಸೆನೆಟ್ ಸಭೆಯು 19ಕ್ಕೆ 11 ಮತಗಳಿಂದ ಶಾಸನವನ್ನು ಅಳಿಸಿ ಹಳೆಯ ಪದ್ಧತಿಯನ್ನು ಮರಳಿ ತರಲು ನಿರ್ಣಯಿಸಿತು. ಕೆಳಮನೆಯೂ ಅದೇ ಹಾದಿ ಹಿಡಿಯುವುದೆಂದು ಎಲ್ಲರೂ ನಂಬಿದ್ದರು. ಆಡಮ್ಸ್ ಕೌಂಟಿಯ ಬಹುಮಂದಿ ಮತದಾರರ ಒಲವೂ ರದ್ದತಿಯ ಕಡೆಗೇ ಇದ್ದಿತು.

1835ರ ಏಪ್ರಿಲ್ 11ರಂದು ರಾಜಧಾನಿಯಾದ ಹ್ಯಾರಿಸ್‌ಬರ್ಗಿನ ಸಭಾಂಗಣದಲ್ಲಿ ಸ್ಟೀವನ್ಸನು ಎದ್ದು ನಿಂತನು. ತೆರಿಗೆಯ ಲೆಕ್ಕದಿಂದಲೇ ಅವನ ವಾದ ಆರಂಭವಾಯಿತು: ಹೊಸ ವ್ಯವಸ್ಥೆಯಲ್ಲಿ ಒಟ್ಟು ವೆಚ್ಚ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಮಕ್ಕಳಿಲ್ಲದವನಿಗೆ ಅವನು ಕೊಟ್ಟ ಉತ್ತರ ಮಾರ್ಮಿಕವಾದುದು. ಆ ಗೃಹಸ್ಥನು ಒಮ್ಮೆಯೂ ಮೊಕದ್ದಮೆ ಹೂಡದೆ ನ್ಯಾಯಾಲಯಕ್ಕೆ ತೆರಿಗೆ ತೆರುತ್ತಾನೆ, ಅಪರಾಧ ಮಾಡದೆ ಸೆರೆಮನೆಗೆ ತೆರುತ್ತಾನೆ. ಅಪರಾಧಿಯನ್ನು ಶಿಕ್ಷಿಸಲು ಸಂತೋಷದಿಂದ ಕೊಡುವವನು ಅಪರಾಧವನ್ನು ತಡೆಯುವ ವಿದ್ಯೆಗೆ ಕೊಡಲು ಗೊಣಗುವುದೇಕೆ? ಕೊನೆಗೆ ಅವನು ಮೂಲಕ್ಕೇ ಕೈಹಾಕಿದನು: ಈ ರದ್ದತಿಯ ಮಸೂದೆಗೆ ತಕ್ಕ ಹೆಸರು ಬಡವರನ್ನು ಗುರುತಿಸಿ ಮುದ್ರೆಯೊತ್ತುವ ಕಾಯಿದೆ ಎಂದೇ ಆಗಬೇಕು. ಪ್ರಜೆಗಳೇ ಪ್ರಭುಗಳೆನಿಸಿದ ರಾಜ್ಯದಲ್ಲಿ ಅವರನ್ನು ಅಜ್ಞಾನದಲ್ಲಿರಿಸಿ ರಾಜ್ಯವನ್ನು ಉಳಿಸಿಕೊಳ್ಳಲಾಗದು. ಮತದಾರರ ಮುನಿಸಿಗೆ ಅಂಜಿ ಹಿಂಜರಿಯುತ್ತಿದ್ದ ಸಹಸದಸ್ಯರಿಗೆ, ಒಳ್ಳೆಯದನ್ನು ಮಾಡಿ ಸ್ಥಾನವನ್ನು ಕಳೆದುಕೊಳ್ಳುವುದೇ ಲೇಸೆಂದು ಅವನು ಧೈರ್ಯ ಹೇಳಿದನು. ತನ್ನ ಪಕ್ಷದ ವೈರಿಯಾದ ವುಲ್ಫನನ್ನು ಈ ವಿಷಯದಲ್ಲಿ ಬೆಂಬಲಿಸಲು ಅವನು ಸಂಕೋಚಪಡಲಿಲ್ಲ.

ಫಲಿತಾಂಶ ಎಲ್ಲರ ಎಣಿಕೆಯನ್ನು ತಲೆಕೆಳಗು ಮಾಡಿತು. ಕೆಳಮನೆ ರದ್ದತಿಯನ್ನು ತಿರಸ್ಕರಿಸಿತು, ಸೆನೆಟ್ ಸಭೆಯೂ ಮಣಿಯಿತು, ಶಾಸನ ಉಳಿಯಿತು. ಅದೇ ವರ್ಷದ ಚುನಾವಣೆಯಲ್ಲಿ ವುಲ್ಫನು ಅಧಿಕಾರವನ್ನು ಕಳೆದುಕೊಂಡನು. ಅವನ ಪಕ್ಷ ಇಬ್ಭಾಗವಾದುದು ಆ ಸೋಲಿಗೆ ಮುಖ್ಯ ಕಾರಣವಾದರೂ, ಶಾಲಾ ತೆರಿಗೆಯ ಮೇಲಿನ ಮುನಿಸೂ ಅದರಲ್ಲಿ ಬೆರೆತಿತ್ತು. ಸ್ಟೀವನ್ಸನನ್ನು ಮಾತ್ರ ಆಡಮ್ಸ್ ಕೌಂಟಿ ಪುನಃ ಆರಿಸಿ ಕಳುಹಿಸಿತು. ತಮ್ಮ ಮಾತನ್ನು ಮೀರಿದವನನ್ನು ಆ ಜನ ಕೈಬಿಡಲಿಲ್ಲವೆಂಬುದು ಅವರಿಗೂ ಶೋಭೆ ತರುವ ಸಂಗತಿ.

ಸ್ಟೀವನ್ಸನ ಶಾಸಕ ಜೀವನವೆಲ್ಲವೂ ಈ ಎತ್ತರದಲ್ಲಿಯೇ ಸಾಗಿತೆಂದು ಹೇಳುವುದು ಇತಿಹಾಸಕ್ಕೆ ಒಪ್ಪದು. ಮೇಸನರ ಮೇಲೆ ಅವನು ನಡೆಯಿಸಿದ ವಿಚಾರಣೆಯಲ್ಲಿ ನ್ಯಾಯಬುದ್ಧಿಗಿಂತ ಹಗೆತನ ಹೆಚ್ಚಾಗಿತ್ತು; ಮಾಜಿ ಗವರ್ನರ್ ವುಲ್ಫನನ್ನೂ ಸಾಕ್ಷಿಯಾಗಿ ಕರೆಯಿಸಲಾಯಿತು; ಸಾಕ್ಷಿಗಳು ಉತ್ತರಿಸಲೊಲ್ಲದೆ ವಿಚಾರಣೆ ಬರಿದಾಯಿತು. 1836ರಲ್ಲಿ ಅವನು ಸೋತನು. ಪುನಃ ಆರಿಸಿಬಂದ ಮೇಲೆ, 1838ರ ಡಿಸೆಂಬರಿನಲ್ಲಿ ಚುನಾವಣೆಯ ಫಲಿತಾಂಶದ ಬಗೆಗೆ ವಿವಾದ ಎದ್ದು, ಕೆಳಮನೆಗೆ ಇಬ್ಬರು ಸಭಾಧ್ಯಕ್ಷರಾದರು. ಗುಂಪು ನುಗ್ಗಿದಾಗ ಸ್ಟೀವನ್ಸನು ಸೆನೆಟ್ ಭವನದ ಕಿಟಕಿಯಿಂದ ಹಾರಿ ತಪ್ಪಿಸಿಕೊಳ್ಳಬೇಕಾಯಿತು. ಪಕ್ಷದ ಗೆಲುವಿಗಾಗಿ ಅವನು ಹೂಡಿದ ಹಂಚಿಕೆಗಳೇ ಈ ಅವ್ಯವಸ್ಥೆಗೆ ಬಹುಮಟ್ಟಿಗೆ ಕಾರಣವಾಗಿದ್ದವು.

ಆದರೆ ಅದೇ ಕಾಲದ ಇನ್ನೊಂದು ನಡೆ ತಕ್ಕಡಿಯ ಮತ್ತೊಂದು ತಟ್ಟೆಯನ್ನು ತುಂಬುತ್ತದೆ. ಸಂಸ್ಥಾನದ ಸಂವಿಧಾನವನ್ನು ತಿದ್ದಲು 1837ರಲ್ಲಿ ಸೇರಿದ ಸಮಾವೇಶಕ್ಕೆ ಅವನೂ ಪ್ರತಿನಿಧಿಯಾಗಿದ್ದನು. ಸಿದ್ಧವಾದ ಕರಡು ಮತದಾನದ ಹಕ್ಕನ್ನು ಬಿಳಿಯ ಪುರುಷರಿಗಷ್ಟೇ ಸೀಮಿತಗೊಳಿಸಿತು. ಆ ಪತ್ರಕ್ಕೆ ಸಹಿ ಹಾಕಲು ಸ್ಟೀವನ್ಸನು ನಿರಾಕರಿಸಿದನು. ಚಾರಿಟಿ ಬಟ್ಲರಳ ದಿನಗಳನ್ನು ಬಿಡಿಬಿಡಿಯಾಗಿ ಎಣಿಸಿದ್ದ ಕೈಯೇ ಈ ಸಹಿಯನ್ನೂ ತಡೆಯಿತು.

1842ರಲ್ಲಿ ಸಾಲದ ಹೊರೆಯಿಂದ ಅವನು ಹೆಚ್ಚಿನ ವಕೀಲಿ ದೊರೆಯುವ ಲ್ಯಾಂಕ್ಯಾಸ್ಟರ್ ನಗರಕ್ಕೆ ತೆರಳಿದನು. ಅಲ್ಲಿಂದ ರಾಷ್ಟ್ರೀಯ ಕಾಂಗ್ರೆಸ್ಸಿಗೆ ಆಯ್ಕೆಯಾಗಿ, ಅಂತರ್ಯುದ್ಧದ ಕಾಲದಲ್ಲಿ ಅದರ ಬಲಿಷ್ಠ ಮುಖಂಡನಾಗಿ, ಗುಲಾಮಗಿರಿಯನ್ನು ಅಳಿಸಿದ 1865ರ ಹದಿಮೂರನೆಯ ತಿದ್ದುಪಡಿಗೂ, ಕಾನೂನಿನ ಸಮಾನ ರಕ್ಷಣೆಯನ್ನು ಸಾರಿದ 1868ರ ಹದಿನಾಲ್ಕನೆಯ ತಿದ್ದುಪಡಿಗೂ ದುಡಿದ ವೃತ್ತಾಂತ ಲೋಕಪ್ರಸಿದ್ಧ. ಅದರ ಬೀಜ ಮಾತ್ರ ಹ್ಯಾರಿಸ್‌ಬರ್ಗಿನ ಆ ಶಾಲಾ ಚರ್ಚೆಯಲ್ಲಿದೆ. ಹುಟ್ಟಿನಿಂದ ಬಂದ ಭೇದವನ್ನು ಶಾಸನವು ತನ್ನ ಲೇಖನಿಯಿಂದ ಖಾಯಂ ಮಾಡಬಾರದೆಂಬ ಒಂದೇ ತತ್ತ್ವ ಎರಡು ಕಡೆಗಳಲ್ಲಿಯೂ ಕೆಲಸ ಮಾಡಿತು.

1868ರ ಆಗಸ್ಟ್ 11ರಂದು ಸ್ಟೀವನ್ಸನು ತೀರಿಕೊಂಡನು. ಬಿಳಿಯರಿಗಷ್ಟೇ ಎಡೆಯಿದ್ದ ರುದ್ರಭೂಮಿಗಳನ್ನು ಬಿಟ್ಟು, ಎಲ್ಲ ವರ್ಣದವರಿಗೂ ತೆರೆದಿದ್ದ ಲ್ಯಾಂಕ್ಯಾಸ್ಟರಿನ ಒಂದು ಸಣ್ಣ ಸ್ಮಶಾನವನ್ನು ಅವನು ತನಗಾಗಿ ಆರಿಸಿಕೊಂಡಿದ್ದನು. ತನ್ನ ಉಯಿಲಿನಲ್ಲಿ ಅನಾಥ ಮಕ್ಕಳ ಆಶ್ರಯಕ್ಕಾಗಿ 50,000 ಡಾಲರುಗಳ ಏರ್ಪಾಡನ್ನು ಸೂಚಿಸಿ, ಅಲ್ಲಿ ವರ್ಣಭೇದ ಕೂಡದು, ಎಲ್ಲ ಮಕ್ಕಳೂ ಒಂದೇ ಮೇಜಿನಲ್ಲಿ ಉಣ್ಣಬೇಕು ಎಂದು ವಿಧಿಸಿದ್ದನು. ಆ ಆಶಯದಿಂದ 1905ರಲ್ಲಿ ಸ್ಥಾಪಿತವಾದ ವೃತ್ತಿಶಿಕ್ಷಣ ಶಾಲೆಯು ಬೆಳೆದು ಇಂದು ಅವನ ಹೆಸರಿನ ತಾಂತ್ರಿಕ ಕಾಲೇಜಾಗಿ ಲ್ಯಾಂಕ್ಯಾಸ್ಟರಿನಲ್ಲಿ ನಡೆಯುತ್ತಿದೆ. ಶಾಲೆಯಲ್ಲಿ ಬಡವರ ಪಟ್ಟಿ ಬೇಡವೆಂದವನು ಊಟದಲ್ಲಿ ಪಂಕ್ತಿಭೇದ ಬೇಡವೆಂದನು. ಮಣ್ಣಿನಲ್ಲಿಯೂ ಅದನ್ನು ಒಪ್ಪಲಿಲ್ಲ.