ಓಪನ್ ಸೋರ್ಸ್ ತಂತ್ರಾಂಶ ತಾನಾಗಿಯೇ ಸುರಕ್ಷಿತವೇ? 'ಸಾಲ್ಟ್' ಲೋಪ ಕಲಿಸಿದ ಪಾಠ

ದೊಡ್ಡ ಜಾಲತಾಣವೊಂದರ ಹಿಂದೆ ನೂರಾರು, ಕೆಲವೊಮ್ಮೆ ಸಾವಿರಾರು ಸರ್ವರ್‌ಗಳು ದುಡಿಯುತ್ತಿರುತ್ತವೆ. ಅವುಗಳಲ್ಲೆಲ್ಲ ಹೊಸ ತಂತ್ರಾಂಶ ಅಳವಡಿಸುವುದು, ಸೆಟ್ಟಿಂಗ್ ಬದಲಿಸುವುದು, ನಿಂತುಹೋದ ಸೇವೆಯನ್ನು ಮತ್ತೆ ಚಾಲೂ ಮಾಡುವುದು ಇವನ್ನು ಒಂದೊಂದಾಗಿ ಕೈಯಾರೆ ಮಾಡುತ್ತ ಕೂತರೆ ಕೆಲಸ ಮುಗಿಯುವುದೇ ಇಲ್ಲ. ಅದಕ್ಕಾಗಿಯೇ ಆಟೊಮೇಶನ್ ತಂತ್ರಾಂಶಗಳಿವೆ. ಆನ್ಸಿಬಲ್, ಪಪೆಟ್, ಶೆಫ್, ಸಾಲ್ಟ್ ಇವುಗಳಲ್ಲಿ ಮುಖ್ಯವಾದವು. ಒಂದು ಕಂಪ್ಯೂಟರಿನಲ್ಲಿ ಆಜ್ಞೆ ಕೊಟ್ಟರೆ ಸಾಕು, ಎಲ್ಲ ಸರ್ವರ್‌ಗಳೂ ಅದನ್ನು ಪಾಲಿಸುತ್ತವೆ.

ಆದರೆ ಆಜ್ಞೆ ಕೊಡುವ ಆ ಕಂಪ್ಯೂಟರೇ ಕಳ್ಳರ ಕೈಗೆ ಸಿಕ್ಕರೆ? 2020ರ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ಆದದ್ದು ಅದೇ.

ಸಾಲ್ಟ್ ಕೆಲಸಮಾಡುವುದು ಹೇಗೆ?

ಸಾಲ್ಟ್ ವ್ಯವಸ್ಥೆಯಲ್ಲಿ ಆಜ್ಞೆ ಕೊಡುವ ಕಂಪ್ಯೂಟರನ್ನು 'ಮಾಸ್ಟರ್' ಎನ್ನುತ್ತಾರೆ. ಪಾಲಿಸುವ ಕಂಪ್ಯೂಟರುಗಳು 'ಮಿನಿಯನ್', ಅಂದರೆ ಬಂಟರು. ಬಂಟರು ಮಾಸ್ಟರಿನ ಎರಡು ಪೋರ್ಟ್‌ಗಳಿಗೆ ಸಂಪರ್ಕ ಕಲ್ಪಿಸಿಕೊಳ್ಳುತ್ತಾರೆ. 4505ನೇ ಪೋರ್ಟಿನಿಂದ ಆಜ್ಞೆಗಳು ಬರುತ್ತವೆ, 4506ನೇ ಪೋರ್ಟಿಗೆ ಕೋರಿಕೆ ಹಾಗೂ ಉತ್ತರಗಳು ಹೋಗುತ್ತವೆ. ಹೊಸ ಬಂಟ ಸೇರಬೇಕಾದರೆ ಅದರ ಡಿಜಿಟಲ್ ಕೀಲಿಯನ್ನು ಮಾಸ್ಟರ್ ಒಪ್ಪಿಕೊಂಡಿರಬೇಕು.

ಆಗ ಸಾಮಾನ್ಯವಾಗಿ ಸಾಲ್ಟ್ ಎರಡೂ ಕಡೆ 'ರೂಟ್' ಅಧಿಕಾರದಲ್ಲಿ ನಡೆಯುತ್ತಿತ್ತು. ರೂಟ್ ಎಂದರೆ ಆ ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಮಾಡಬಲ್ಲ ಅಧಿಕಾರ.

ಲೋಪ ಇದ್ದದ್ದೆಲ್ಲಿ?

ಹೊಸ ಬಂಟನ ಪರಿಚಯ ಮಾಸ್ಟರಿಗೆ ಇನ್ನೂ ಇರುವುದಿಲ್ಲವಾದ್ದರಿಂದ, ಮೊದಲ ಕೋರಿಕೆಯನ್ನು ಗುರುತು ಪರೀಕ್ಷಿಸದೆಯೇ ಸ್ವೀಕರಿಸಬೇಕಾಗುತ್ತದೆ. ಕಚೇರಿಯ ವಿಚಾರಣೆ ಕಿಟಕಿಯ ಹಾಗೆ, ಯಾರು ಬೇಕಾದರೂ ಬಂದು ಕೇಳಬಹುದು. ಅಲ್ಲಿ ಕೇಳಬಹುದಾದ್ದು ಒಂದೆರಡು ವಿಷಯ ಮಾತ್ರ ಇರಬೇಕಿತ್ತು. ಆದರೆ ಪ್ರೋಗ್ರಾಮಿನಲ್ಲಿ ಆ ಮಿತಿಯನ್ನು ಸರಿಯಾಗಿ ಹಾಕಿರಲಿಲ್ಲ. ಹೀಗಾಗಿ ಒಳಗಿನ ಬಳಕೆಗಷ್ಟೇ ಮೀಸಲಾಗಿದ್ದ ಸೌಲಭ್ಯಗಳೂ ಅದೇ ಕಿಟಕಿಯಲ್ಲಿ ಸಿಗುತ್ತಿದ್ದವು. ಹೊರಗಿನವರು ಮಾಸ್ಟರಿನ ರಹಸ್ಯ ಕೀಲಿಯನ್ನೇ ಕೇಳಿ ಪಡೆಯಬಹುದಿತ್ತು, ಬಂಟರಿಗೆ ನೇರವಾಗಿ ಆಜ್ಞೆ ಕಳಿಸಬಹುದಿತ್ತು. ಪಾಸ್‌ವರ್ಡ್ ಕದಿಯುವ ಅಗತ್ಯವೇ ಇರಲಿಲ್ಲ.

ಇದಕ್ಕೆ ಸಿವಿಇ-2020-11651 ಎಂಬ ಗುರುತಿನ ಸಂಖ್ಯೆ ಕೊಡಲಾಯಿತು. ಜೊತೆಗೇ ಪತ್ತೆಯಾದ ಸಿವಿಇ-2020-11652 ಎಂಬ ಲೋಪದಿಂದ, ಮಾಸ್ಟರಿನಲ್ಲಿ ಮುಟ್ಟಬಾರದ ಕಡತಗಳನ್ನೂ ತಲುಪಲು ಸಾಧ್ಯವಿತ್ತು.

ಪ್ಯಾಚ್ ಬಂದ ಮೂರೇ ದಿನಕ್ಕೆ ದಾಳಿ

ಈ ಲೋಪಗಳನ್ನು ಪತ್ತೆಮಾಡಿದ್ದು ಫಿನ್‌ಲೆಂಡ್‌ನ ಎಫ್-ಸೆಕ್ಯೂರ್ ಸಂಸ್ಥೆ. ಏಪ್ರಿಲ್ 29ರಂದು ಸಾಲ್ಟ್ ತಯಾರಕರು ಪರಿಹಾರವನ್ನು, ಅಂದರೆ ಪ್ಯಾಚ್ ಅನ್ನು ಬಿಡುಗಡೆ ಮಾಡಿದರು. ಮರುದಿನ, ಗುರುವಾರ, ಎಫ್-ಸೆಕ್ಯೂರ್ ವಿವರ ಪ್ರಕಟಿಸಿತು. ದಾಳಿಗೆ ಬಳಸುವ ಪ್ರೋಗ್ರಾಮನ್ನು ಅದು ಕೊಡಲಿಲ್ಲ. ಆದರೆ ಬಲ್ಲವರು ಅದನ್ನು 24 ಗಂಟೆಯೊಳಗೆ ಬರೆದುಕೊಳ್ಳಬಲ್ಲರು ಎಂದು ಎಚ್ಚರಿಸಿತು. ಅಂತರಜಾಲದಿಂದ ನೇರವಾಗಿ ತಲುಪಬಹುದಾದ 6,000ಕ್ಕೂ ಹೆಚ್ಚು ಮಾಸ್ಟರ್‌ಗಳು ಅದರ ಕಣ್ಣಿಗೆ ಬಿದ್ದಿದ್ದವು.

ಶನಿವಾರ, ಭಾನುವಾರಗಳಲ್ಲೇ ದಾಳಿ ನಡೆದವು. ಮೊಬೈಲ್ ಕಾರ್ಯಾಚರಣ ವ್ಯವಸ್ಥೆ ತಯಾರಿಸುವ ಲಿನಿಯೇಜ್‌ಓಎಸ್ ತನ್ನ ಸರ್ವರ್‌ಗಳನ್ನು ನಿಲ್ಲಿಸಬೇಕಾಯಿತು. ಬ್ಲಾಗಿಂಗ್ ವೇದಿಕೆ ಘೋಸ್ಟ್‌ನ ಸರ್ವರ್‌ಗಳಲ್ಲಿ ಕ್ರಿಪ್ಟೋ ಹಣ ಗಳಿಸುವ ಕುತಂತ್ರಾಂಶ ಸೇರಿಕೊಂಡಿತು. ಪ್ರಾಸೆಸರ್‌ಗಳ ಮೇಲೆ ಒಮ್ಮೆಲೇ ಹೊರೆ ಹೆಚ್ಚಿದ್ದರಿಂದಲೇ ದಾಳಿ ಗೊತ್ತಾಯಿತು. ಡಿಜಿಟಲ್ ಪ್ರಮಾಣಪತ್ರ ನೀಡುವ ಡಿಜಿಸರ್ಟ್ ತನ್ನ ದಾಖಲೆ ಸರ್ವರ್‌ಗಳಲ್ಲೊಂದನ್ನು ಬಳಕೆಯಿಂದ ಹಿಂತೆಗೆಯಬೇಕಾಯಿತು. ಸಾಲ್ಟನ್ನು ತನ್ನ ಉತ್ಪನ್ನದೊಳಗೆ ಬಳಸಿದ್ದ ಸಿಸ್ಕೊ ಕೂಡ ತನ್ನ ಕೆಲವು ಸರ್ವರ್‌ಗಳು ದಾಳಿಗೆ ಒಳಗಾದದ್ದನ್ನು ಅದೇ ತಿಂಗಳು ಪ್ರಕಟಿಸಿತು.

ಓಪನ್ ಸೋರ್ಸ್ ಆದ್ದರಿಂದ ಹೀಗಾಯಿತೇ?

ಇಲ್ಲಿ ಎರಡು ನಂಬಿಕೆಗಳಿವೆ. ಎಲ್ಲರೂ ನೋಡಬಹುದಾದ ತಂತ್ರಾಂಶದಲ್ಲಿ ತಪ್ಪು ಉಳಿಯುವುದಿಲ್ಲ ಎನ್ನುವುದು ಒಂದು, ಕಳ್ಳರಿಗೂ ಕಾಣುವುದರಿಂದ ಅದು ಅಪಾಯ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಎಲ್ಲರೂ ನೋಡಬಹುದು ಎಂದ ಮಾತ್ರಕ್ಕೆ ಯಾರೋ ನೋಡಿದ್ದಾರೆ ಎಂದರ್ಥವಲ್ಲ. ಹಾಗೆಯೇ, ಪ್ಯಾಚ್ ಬಂದಾಗ ಹಳೆಯದನ್ನೂ ಹೊಸದನ್ನೂ ಹೋಲಿಸಿ ಲೋಪ ಎಲ್ಲಿತ್ತೆಂದು ಊಹಿಸುವುದು ಮುಚ್ಚಿದ ತಂತ್ರಾಂಶಗಳಲ್ಲೂ ಸಾಧ್ಯ, ತುಸು ಕಷ್ಟ ಅಷ್ಟೇ. ಲೋಪ ಯಾವ ತಂತ್ರಾಂಶದಲ್ಲಾದರೂ ಇರಬಹುದು. ಅದು ಎಷ್ಟು ಹಾನಿ ಮಾಡುತ್ತದೆ ಎನ್ನುವುದು ಬಳಸುವವರ ಮೇಲೂ ನಿಂತಿದೆ.

ಏನು ಮಾಡಬೇಕು?

ಮೊದಲನೆಯದಾಗಿ, ಮಾಸ್ಟರ್ ಕಂಪ್ಯೂಟರ್ ಅಂತರಜಾಲಕ್ಕೆ ನೇರವಾಗಿ ತೆರೆದಿರಬಾರದು. 4505 ಮತ್ತು 4506ನೇ ಪೋರ್ಟ್‌ಗಳನ್ನು ತಮ್ಮದೇ ಬಂಟರಿಗೆ ಸೀಮಿತಗೊಳಿಸಿದ್ದವರನ್ನು ಹೊರಗಿನ ದಾಳಿಕೋರರು ತಲುಪಲಾಗುತ್ತಿರಲಿಲ್ಲ. ಎರಡನೆಯದಾಗಿ, ಇಂತಹ ಪ್ಯಾಚ್‌ಗಳನ್ನು ಸೋಮವಾರ ನೋಡೋಣ ಎಂದು ಬಿಡಬಾರದು. ಮೂರನೆಯದಾಗಿ, ಅತಿ ಮುಖ್ಯವಾದುದನ್ನು ಬೇರೆಯೇ ಇಡಬೇಕು. ಲಿನಿಯೇಜ್‌ಓಎಸ್ ತನ್ನ ಸಹಿ ಕೀಲಿಗಳನ್ನು ಪ್ರತ್ಯೇಕವಾಗಿ ಇಟ್ಟಿದ್ದರಿಂದ ಅವು ಉಳಿದುಕೊಂಡವು.

ಇನ್ನೊಂದು ಮಾತು: ಪ್ಯಾಚ್ ಬಾಗಿಲನ್ನು ಮುಚ್ಚುತ್ತದೆ, ಆಗಲೇ ಒಳಗೆ ಬಂದವರನ್ನು ಹೊರಗೆ ಹಾಕುವುದಿಲ್ಲ. ದಾಳಿಯ ಗುರುತು ಕಂಡರೆ ಸರ್ವರ್‌ಗಳನ್ನು ಹೊಸದಾಗಿ ಕಟ್ಟಿ, ಎಲ್ಲ ಪಾಸ್‌ವರ್ಡ್ ಹಾಗೂ ಕೀಲಿಗಳನ್ನು ಬದಲಿಸಲೇಬೇಕು.