ಕೈಯ ಪೆಟ್ಟು, ಕಾಲ ಹೆಜ್ಜೆ: ಕಪಿಲಾ ತೀರದ ತಮಟೆ ಮತ್ತು ಬೀಸು ಕಂಸಾಳೆ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ತಮಟೆ, ಕಂಸಾಳೆಗಳ ವಾದಕರು ಬಹುಪಾಲು ನಿಂತು, ನಡೆದು, ಕುಣಿದು ನುಡಿಸುವವರೇ ಆದುದರಿಂದ, ಅಲ್ಲಿನ ಲಯಗಾರಿಕೆಯ ಚರಿತ್ರೆಯನ್ನು ಕೈಯೊಂದರ ಚರಿತ್ರೆಯಾಗಿ ಬರೆಯಲು ಬರುವುದಿಲ್ಲ. ಕಚೇರಿಯಲ್ಲಿ ಕುಳಿತ ಮೃದಂಗ ವಾದಕನ ಕಾಲು ವಾದ್ಯಕ್ಕೆ ಆಸರೆಯಾಗುವುದೇ ಹೊರತು ಪೆಟ್ಟಿನ ಲೆಕ್ಕದಲ್ಲಿ ಸೇರುವುದಿಲ್ಲ. ಅಮೆರಿಕದ ಲುಡ್ವಿಗ್ ಸಹೋದರರು 1909ರಲ್ಲಿ ತಯಾರಿಕೆಗೆ ತಂದ ಪೆಡಲಿನ ನಂತರ ಡ್ರಮ್ ಸೆಟ್ಟಿನ ವಾದಕನ ಕಾಲಿಗೆ ತನ್ನದೇ ಆದ ಡೋಲು ದೃಢವಾಗಿ ದಕ್ಕಿತು. ತಮಟೆಯವನ ಕಾಲಿಗೆ ದಕ್ಕಿದ್ದು ನೆಲ ಮಾತ್ರ, ಆದರೆ ಕೈ ಎಲ್ಲಿ ಬಿರುಸಾಗಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ಬಹುಮಟ್ಟಿಗೆ ಆ ಕಾಲಿನದೇ ಆಗಿತ್ತು.

ತಮಟೆಯೆಂದರೆ ದುಂಡನೆಯ ಬಳೆಗೆ ಒಂದೇ ಮಗ್ಗುಲಲ್ಲಿ ಚರ್ಮವನ್ನು ಬಿಗಿದು, ಪಟ್ಟಿಯಿಂದ ಎಡ ಹೆಗಲಿಗೆ ತೂಗುಹಾಕಿಕೊಳ್ಳುವ ವಾದ್ಯ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ತೆಳುವಾದ ಉದ್ದ ಕಡ್ಡಿ ಇರುತ್ತವೆ. ಎಡತೋಳು ಬಳೆಯನ್ನು ಒತ್ತಿ ಹಿಡಿದುಕೊಂಡೇ ಕಡ್ಡಿಯನ್ನು ಆಡಿಸಬೇಕಾದ್ದರಿಂದ ಆ ಕೈಯ ಚಲನೆ ಮಣಿಕಟ್ಟು ಮತ್ತು ಬೆರಳುಗಳಿಗೆ ಸೀಮಿತವಾಗಿ, ಚುರುಕಾದ ಸಣ್ಣ ಪೆಟ್ಟುಗಳು ಅದರ ಪಾಲಿಗೆ ಬರುತ್ತವೆ. ಸ್ವತಂತ್ರವಾಗಿ ಬೀಸಬಲ್ಲ ಬಲಗೈ ಭಾರದ ಪೆಟ್ಟನ್ನು ಹಾಕುತ್ತದೆ. ಹೊಸಬನಿಗೆ ಮೊದಲು ಸೋಲುವುದು ಎಡಗೈ. ಇದಕ್ಕೆ ಹೆಜ್ಜೆ ಸೇರಿದಾಗ ಕಷ್ಟ ಇಮ್ಮಡಿಯಾಗುತ್ತದೆ, ಏಕೆಂದರೆ ಮೈ ಬಾಗಿ ಏಳುವಾಗಲೂ ವಾದ್ಯ ಮತ್ತು ತೋಳುಗಳ ನಡುವಿನ ಅಂತರ ಕೆಡದಂತೆ ಮಂಡಿಯೇ ಕುಲುಕನ್ನು ನುಂಗಿಕೊಳ್ಳಬೇಕು. ನುಡಿಸುವ ಮುನ್ನ ಹುಲ್ಲಿನ ಬೆಂಕಿಗೆ ಹಿಡಿದು ಚರ್ಮವನ್ನು ಕಾಯಿಸಿ ಬಿಗಿಗೊಳಿಸುವುದು ರೂಢಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಾದವನ್ನು ದೂರಕ್ಕೆ ಮುಟ್ಟಿಸುವ ತೊಡಕು ಎಲ್ಲ ವಾದಕರದೂ ಆಗಿತ್ತು. 1895ರಲ್ಲಿ ಇದೇ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಪಿಸಿದ್ದೂ ಆ ತೊಡಕಿನ ಪರಿಹಾರಕ್ಕಾಗಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹಳೆಯ ಗ್ರಾಮವ್ಯವಸ್ಥೆಯಲ್ಲಿ ತಮಟೆ ಬಡಿಯುವುದು ದಲಿತ ಕುಟುಂಬಗಳ ಮೇಲೆ ಹೊರಿಸಿದ್ದ ಚಾಕರಿಯಾಗಿತ್ತು. ಊರಿಗೆ ಸುದ್ದಿ ಸಾರುವಾಗ ನಿಂತು ಬಡಿಯುವ ಬಡಿತ, ಹೆಣದ ಮುಂದೆ ನಡೆಯುತ್ತ ಬಡಿಯುವ ಬಡಿತ, ಮಾರಿಹಬ್ಬದಲ್ಲಿ ಕುಣಿಯುತ್ತ ಬಡಿಯುವ ಬಡಿತ ಒಂದೇ ಅಲ್ಲ; ಸಂದರ್ಭ ಬದಲಾದಂತೆ ಕಾಲಿನ ವೇಗವೂ ಅದರೊಡನೆ ಗತ್ತು, ಅಂದರೆ ಪೆಟ್ಟುಗಳ ಜೋಡಣೆಯ ಮಾದರಿಯೂ ಬದಲಾಗುತ್ತಿತ್ತು. ಇಷ್ಟು ಸೂಕ್ಷ್ಮವಾದ ಕೌಶಲವನ್ನು ಊರು ವಿದ್ಯೆಯೆಂದು ಕರೆಯದೆ ಕರ್ತವ್ಯವೆಂದು ಕರೆದದ್ದರಿಂದ, ಗುರುಪರಂಪರೆಯ ಹೆಸರುಗಳಾಗಲಿ ಪಾಠಕ್ರಮವಾಗಲಿ ದಾಖಲೆಗೆ ಬರಲೇ ಇಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಹುದ್ದೆಗಳನ್ನು ಕಾನೂನಿನ ಮಟ್ಟದಲ್ಲಿ ಕೊನೆಗೊಳಿಸಿದರೂ ರೂಢಿಯ ಒತ್ತಾಯ ಅಷ್ಟು ಬೇಗ ಸಡಿಲಲಿಲ್ಲ. 1970ರ ದಶಕದಲ್ಲಿ ಬಲಗೊಂಡ ದಲಿತ ಚಳವಳಿಯಲ್ಲಿ, ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ಲೇಖಕ ದೇವನೂರ ಮಹಾದೇವ ಅವರೂ ಮುಂಚೂಣಿಯಲ್ಲಿದ್ದ ಆ ಚಳವಳಿಯಲ್ಲಿ, ತಮಟೆ ಎರಡು ಬಗೆಯಾಗಿ ಕಂಡಿತು: ಬಿಟ್ಟಿ ಚಾಕರಿಯ ಗುರುತೆಂದು ಅದನ್ನು ಕೆಳಗಿಟ್ಟವರಿದ್ದರು, ಹೋರಾಟದ ಹಾಡಿಗೆ ಅದನ್ನೇ ಎತ್ತಿಕೊಂಡವರೂ ಇದ್ದರು. ಕೆಳಗಿಟ್ಟವರ ನಿಲುವನ್ನು ಕಲೆಯ ನಷ್ಟವೆಂದು ಮರುಗುವ ಬರೆಹಗಳು ಆ ಕಲೆಯ ಬೆಲೆಯನ್ನು ಯಾರು ತೆತ್ತರೆಂಬುದನ್ನು ಮರೆಯುತ್ತವೆ.

ಬೀಸು ಕಂಸಾಳೆಯ ದಾರಿ ಬೇರೆ. ಕಂಸಾಳೆ ಚರ್ಮವಾದ್ಯವಲ್ಲ, ಕಂಚಿನ ಜೋಡಿ ತಾಳ: ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಹುರಿಗೆ ಕಟ್ಟಿದ, ಗೊಂಡೆಯಿರುವ ಚಪ್ಪಟೆ ತಾಳ. ಮಲೆಯ ಮಹದೇಶ್ವರನ ಭಕ್ತರಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಇದನ್ನು ನುಡಿಸುತ್ತಾರೆ. ಅವರು ಹಾಡುವ ಕಾವ್ಯದ ಪ್ರಕಾರ ಮಹದೇಶ್ವರನು ಬೆಟ್ಟಕ್ಕೆ ಹೋಗುವ ಮುನ್ನ ಕಪಿಲಾ ದಡದ ಸುತ್ತೂರು ಮಠದಲ್ಲಿ ರಾಗಿ ಬೀಸಿದವನಾದ್ದರಿಂದ ನಂಜನಗೂಡು ಸೀಮೆಯೂ ಆ ಕಥೆಯ ಭೂಗೋಳದಲ್ಲಿಯೇ ಇದೆ. ಕುಳಿತು ಕಥೆ ಹಾಡುವ ಮೇಳದಲ್ಲಿ ಕಂಸಾಳೆಯೊಡನೆ ದಮ್ಮಡಿ ಎಂಬ ಸಣ್ಣ ಚರ್ಮವಾದ್ಯವೂ ಇದ್ದು, ಅಲ್ಲಿ ಲಯವು ಮಾತನ್ನು ಹೊರುತ್ತದೆ. ಬೀಸು ಕಂಸಾಳೆಯಲ್ಲಾದರೋ ಕುಣಿಯುವವನು ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಬೀಸಿ ತಂದು ಬಟ್ಟಲಿಗೆ ಹೊಡೆಯಬೇಕು. ಬೀಸಿನ ಸುತ್ತು ದೊಡ್ಡದಾದಷ್ಟೂ ತಾಳ ತಲುಪುವ ಹೊತ್ತು ಮುಂದಕ್ಕೆ ಹೋಗುತ್ತದೆ. ಆ ಹೊತ್ತನ್ನು ಸರಿದೂಗಿಸುವುದು ಹೆಜ್ಜೆ. ಮಂಡಿಯೂರಿ, ಕುಪ್ಪಳಿಸಿ, ಪಕ್ಕದವನ ಬಟ್ಟಲಿಗೂ ಪೆಟ್ಟು ಹಾಕುವ ವರಸೆಗಳಲ್ಲಿ ಒಬ್ಬನ ಕಾಲು ತಪ್ಪಿದರೆ ಇಡೀ ಸುತ್ತಿನ ಲಯ ಒಡೆಯುತ್ತದೆ.

ವಿದ್ವತ್ತಿನ ಗಮನ ಈ ಕಾಲಿನವರೆಗೆ ತಡವಾಗಿ ಇಳಿಯಿತು. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಲೆಯ ಮಾದೇಶ್ವರ ಕಾವ್ಯ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಹಂಪಿ ವಿಶ್ವವಿದ್ಯಾಲಯ ಹೊರತಂದದ್ದು, ಇವೆಲ್ಲ ಕನ್ನಡ ಜಾನಪದದ ದೊಡ್ಡ ಕೆಲಸಗಳೇ ಸರಿ. ಆದರೆ ಅಕ್ಷರಕ್ಕೆ ಇಳಿದದ್ದು ಹಾಡಿನ ಮಾತು, ಹೆಜ್ಜೆ ಪೆಟ್ಟುಗಳ ಕೂಡಿಕೆಯಲ್ಲ. ಕಲ್ಲುಕುಟಿಗರು ಈ ವಿಷಯದಲ್ಲಿ ಮುಂದಿದ್ದರೆನ್ನಬೇಕು: ನರಸೀಪುರ ತಾಲ್ಲೂಕಿನ ಸೋಮನಾಥಪುರದ 13ನೆಯ ಶತಮಾನದ ಕೇಶವ ದೇವಾಲಯದ ಗೋಡೆಗಳಲ್ಲಿ ನರ್ತಿಸುವ ವಿಗ್ರಹಗಳೂ ಮದ್ದಳೆಗಾರರೂ ಒಂದೇ ಸಾಲಿನಲ್ಲಿ ನಿಂತಿವೆ.

ಜಾತ್ರೆ ಮತ್ತು ಮೆರವಣಿಗೆಗಳು ಈ ವಿದ್ಯೆಯ ಸಾಂಪ್ರದಾಯಿಕ ಸಾಧನೆಯ ನೆಲೆಗಳು. ನಂಜನಗೂಡಿನ ದೊಡ್ಡ ಜಾತ್ರೆ, ಮುಡುಕುತೊರೆಯ ಜಾತ್ರೆ, ಸುತ್ತೂರಿನ ಜಾತ್ರೆಗಳಂಥ ಕೂಟಗಳಲ್ಲಿ ಗಂಟೆಗಟ್ಟಲೆ ನಡೆಯುವ ನುಡಿಕೆಗೆ ವೇಗಕ್ಕಿಂತ ತಾಳಿಕೆ ಬೇಕು, ಆದ್ದರಿಂದ ಮಣಿಕಟ್ಟು ಸಡಿಲವಾಗಿರುವವನೇ ಕೊನೆಯವರೆಗೂ ಉಳಿಯುತ್ತಾನೆ. ದಸರಾ ವೇದಿಕೆ, ಕಾಲೇಜು ಸಭಾಂಗಣಗಳು ಬಂದ ಮೇಲೆ ಹತ್ತಾರು ನಿಮಿಷಗಳಲ್ಲಿ ಎಲ್ಲ ವರಸೆಗಳನ್ನೂ ತೋರಿಸುವ ಅಗತ್ಯ ಹುಟ್ಟಿ ಲಯ ಬಿರುಸಾಯಿತು. ಗುಡ್ಡರ ದೀಕ್ಷೆಯಿಲ್ಲದ ಹುಡುಗರೂ ಹುಡುಗಿಯರೂ ತರಬೇತಿಯಲ್ಲಿ ಕಲಿಯತೊಡಗಿದರು. ಸುತ್ತಲೂ ಜನ ನಿಲ್ಲುತ್ತಿದ್ದ ಕಾಲದಲ್ಲಿ ಕುಣಿತದ ವೃತ್ತಕ್ಕೆ ಹಿಂಬದಿಯೇ ಇರಲಿಲ್ಲ, ಒಂದೇ ಕಡೆ ಪ್ರೇಕ್ಷಕರಿರುವ ವೇದಿಕೆಯಲ್ಲಿ ಅದು ಸಾಲಾಗಿ ಬಿಚ್ಚಿಕೊಂಡಿತು, ಬೆನ್ನ ಹಿಂದಿನ ಬೀಸು ಕಾಣಬೇಕೆಂದು ಕುಣಿಯುವವರು ಸಭೆಗೆ ಬೆನ್ನು ತಿರುಗಿಸುವ ಹೊಸ ಹೆಜ್ಜೆಯನ್ನು ಕಲಿಯಬೇಕಾಯಿತು.